ಮುಚ್ಚದೆ ಉಳಿದ ತೂತು

ನನ್ನ ಮುತ್ತಜ್ಜ ಗಾರೆ ಕೆಲಸದವನು. ಕಟ್ಟಿದ್ದು ಸಮವಾಗಿದೆಯೇ ಎಂದು ನೋಡುವ ಸಲಕರಣೆಯ ಹೆಸರಿಟ್ಟು ಜನ ಅವನನ್ನು ರಸಮಟ್ಟ ಎಂದೇ ಕರೆಯುತ್ತಿದ್ದರು. ಊಟಕ್ಕೆ ಕೂತರೆ ತಟ್ಟೆ ಎಡಕ್ಕೆ ವಾಲಿದೆ ಎಂದು ತಕರಾರು ತೆಗೆಯುವ ಆಸಾಮಿ. ಮುತ್ತಜ್ಜಿ ಅವನ ಜೊತೆ ಹೇಗೆ ಏಗಿದಳೋ ಕಾಣೆ. ಇಂಥವನೂ ಒಂದು ಕಡೆ ಎಡವಿದ, ಅದೂ ಸಾರೋಟು ನಿಲ್ಲುವ ದೊಡ್ಡ ಮನೆಯೊಂದರಲ್ಲಿ.

ಎತ್ತರದ ಗೋಡೆ ಕಟ್ಟುವಾಗ ನಿಂತು ಕೆಲಸ ಮಾಡಲು ಸಾರುವೆ ಕಟ್ಟುತ್ತಾರೆ. ಅದರ ಅಡ್ಡಮರಗಳ ತುದಿ ಸಿಕ್ಕಿಸಲು ಗೋಡೆಯಲ್ಲೇ ತೂತು ಬಿಟ್ಟಿರುತ್ತಾರೆ. ಸಾರುವೆ ಬಿಚ್ಚುವಾಗ ಮೇಲಿನಿಂದ ಒಂದೊಂದನ್ನೇ ಮುಚ್ಚಿಕೊಂಡು ಇಳಿಯಬೇಕು. ಆ ಮನೆಯ ಕೆಲಸ ಮುಗಿಯುವ ದಿನವೇ ಮುತ್ತಜ್ಜಿಗೆ ಹೆರಿಗೆ ನೋವು ಶುರುವಾಯಿತು. ಹುಟ್ಟಬೇಕಾಗಿದ್ದವಳು ನಮ್ಮಜ್ಜಿ. ಇವನು ಅವಸರಕ್ಕೆ ಬಿದ್ದು ಸಾರುವೆಯನ್ನು ಮೊದಲೇ ಬಿಚ್ಚಿಸಿಬಿಟ್ಟ. ಸೂರಿನ ಕೆಳಗಿನ ಒಂದು ತೂತು ಹೊರಗಿನಿಂದ ತೆರೆದೇ ಉಳಿಯಿತು; ಒಳಗಡೆ ತೆಳ್ಳಗೆ ಗಾರೆ ಬಳಿದಿತ್ತು. ಅಷ್ಟು ಮೇಲೆ ಯಾರು ನೋಡುತ್ತಾರೆ ಎಂದುಕೊಂಡು ಮನೆಗೆ ಓಡಿದ.

ಮೊದಲ ಬೇಸಿಗೆಗೇ ಒಳಗಿನ ಗಾರೆ ಬಿರುಕು ಬಿಟ್ಟಿತು. ಅದೇ ದಿನಗಳಲ್ಲಿ ಆ ಗೋಡೆಯ ಒಳಮಗ್ಗುಲಿನ ಕೋಣೆಯಲ್ಲಿ ಮನೆಯ ಸೊಸೆಯ ಹಸುಗೂಸು ಜ್ವರ ಬಂದು ತೀರಿಕೊಂಡಿತು. ಆಮೇಲೆ ಗಾಳಿ ಬೀಸಿದಾಗಲೆಲ್ಲ ಗೋಡೆಯೊಳಗಿಂದ ಮಗು ಅತ್ತಂತೆ ಕೇಳತೊಡಗಿತು. ಆಳುಗಳು ಹೇಳದೆ ಕೇಳದೆ ಕೆಲಸ ಬಿಟ್ಟರು. ಸೊಸೆ ಮಗುವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ, ಅದಕ್ಕೇ ಅದು ದೆವ್ವವಾಗಿ ಅಳುತ್ತಿದೆ ಎಂದು ಅತ್ತೆ ಕಂಡಕಂಡವರ ಮುಂದೆ ಹೇಳಿಕೊಂಡು ಬಂದಳು. ಸೊಸೆ ಕೋಣೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದಳು.

ಸುದ್ದಿ ಕಿವಿಗೆ ಬಿದ್ದ ಕೂಡಲೇ ಮುತ್ತಜ್ಜನಿಗೆ ಎಲ್ಲ ಅರ್ಥವಾಯಿತು: ತಾನು ಬಿಟ್ಟುಬಂದ ತೂತಿಗೆ ನುಗ್ಗಿದ ಗಾಳಿ ಬಿರುಕಿನಲ್ಲಿ ಹಾದು ಹಾಗೆ ಸದ್ದು ಮಾಡುತ್ತಿದೆ. ಬಾಯಿಬಿಟ್ಟರೆ ಮುಂದೆ ಒಂದು ಇಟ್ಟಿಗೆ ಇಡಲೂ ಯಾರೂ ಕರೆಯುವುದಿಲ್ಲ ಎಂಬ ಭಯ. ತಿಂಗಳುಗಟ್ಟಲೆ ತೆಪ್ಪಗಿದ್ದ. ಇದಕ್ಕೆ ನನಗೆ ಈಗಲೂ ಸಿಟ್ಟಿದೆ. ಕೊನೆಗೆ ಗಂಡನ ಸಂಕಟದ ಮೂಲ ಕೆದಕಿ ತೆಗೆದ ಮುತ್ತಜ್ಜಿ, ಮಗುವನ್ನು ಎದೆಗವುಚಿಕೊಂಡೇ, "ಅವಳೂ ಹೆತ್ತವಳೇ ಅಲ್ವಾ? ಹೋಗಿ ಮುಚ್ಚಿ ಬನ್ನಿ," ಅಂದಳು.

ಹೆಂಚು ಸರಿಮಾಡುವ ನೆಪ ಹೇಳಿ ಒಂದು ಮಧ್ಯಾಹ್ನ ಏಣಿ ಹತ್ತಿದ. ಗಾಳಿ ಜೋರಾಗಿತ್ತು. ಗಾರೆ ಮೆತ್ತುವ ಮೊದಲು, ಸದ್ದು ಬರುವುದು ಇಲ್ಲಿಂದಲೇ ಹೌದೋ ಎಂದು ಅಂಗೈ ಅಡ್ಡ ಇಟ್ಟು ನೋಡಿದ. ಅಳು ನಿಂತಿತು.

ಗೋಡೆಯ ಆಚೆಯಿಂದ ಸೊಸೆಯ ದನಿ ಬಂತು. "ಯಾಕೆ ಸುಮ್ಮನಾದೆ, ಕಂದ? ನಾನಿಲ್ಲೇ ಇದ್ದೀನಲ್ಲ." ಗೋಡೆ ತಟ್ಟುತ್ತ, "ನೀನೂ ಬಿಟ್ಟು ಹೋಗ್ಬೇಡ. ನನ್ನ ಹತ್ರ ಮಾತಾಡೋದು ನೀನೊಬ್ಬನೇ," ಅಂದಳು.

ಮುತ್ತಜ್ಜ ಅಂಗೈ ತೆಗೆದ.

ಮುಚ್ಚಿ ಬಂದೆ ಎಂದು ಹೆಂಡತಿಗೆ ಸುಳ್ಳು ಹೇಳಿದ. ತೂತಿನ ವಿಷಯ ಆ ಮನೆಯವರ ಕಿವಿಗೆ ಹಾಕಿದ್ದರೆ ಆ ಹೆಣ್ಣಿನ ಮೇಲಿನ ಅಪವಾದವಾದರೂ ಹೋಗುತ್ತಿತ್ತು. ಅದನ್ನೂ ಮಾಡಲಿಲ್ಲ. ಮಗುವನ್ನು ಕೊಂದವಳು ಎಂಬ ಮಾತು ಹೊತ್ತುಕೊಂಡೇ ಅವಳು ಆ ಕೋಣೆಯಲ್ಲಿ ಮುದುಕಿಯಾದಳು. ಹಾಸಿಗೆ ಹಿಡಿದ ಮೇಲೆ ಮುತ್ತಜ್ಜ ನಮ್ಮಜ್ಜಿಯೊಬ್ಬಳಿಗೆ ಇದನ್ನೆಲ್ಲ ಹೇಳಿದನಂತೆ. "ಅವಳಿಗೋಸ್ಕರ ಬಾಯಿ ಮುಚ್ಕೊಂಡೆನೋ, ನನ್ನ ಹೆಸರಿಗೋಸ್ಕರಾನೋ, ನನಗೇ ಗೊತ್ತಿಲ್ಲ ಮಗಳೇ," ಎಂದು ಅಜ್ಜಿಯ ಕೈ ಹಿಡಿದುಕೊಂಡು ಅತ್ತನಂತೆ.