ಟೈರಿನ ಸಂದಿನ ಆಳ

ಎಲೆಕ್ಟ್ರಿಕ್ ಕಾರು ಮನೆಗೆ ಬಂದ ಮೇಲೆ ಚಾಮರಾಜನಗರದ ನಮ್ಮ ಬೀದಿಯವರಿಗೆ ಭಾನುವಾರ ಬೆಳಗ್ಗೆ ಒಂದು ಬಿಟ್ಟಿ ತಮಾಷೆ ಸಿಕ್ಕಿದೆ. ಎಂಟು ಗಂಟೆಯ ಹೊತ್ತಿಗೆ ನಾನು ಲುಂಗಿ ಎತ್ತಿ ಕಟ್ಟಿ, ನೆಲದ ಮೇಲೆ ಗೋಣಿಚೀಲ ಹಾಸಿ, ಒಂದೊಂದೇ ಚಕ್ರದ ಮುಂದೆ ಮಂಡಿಯೂರಿ ತಲೆ ಬಗ್ಗಿಸುತ್ತೇನೆ. ಕೈಯಲ್ಲಿ ಪೆನ್ನಿನಷ್ಟು ಉದ್ದದ ಒಂದು ಅಳತೆಯ ಸಾಧನ. ಅದರ ತುದಿಯ ಸಣ್ಣ ಕಡ್ಡಿಯನ್ನು ಟೈರಿನ ಸಂದಿಗೆ ಇಳಿಸಿದರೆ ರಬ್ಬರು ಇನ್ನೂ ಎಷ್ಟು ಮಿಲಿಮೀಟರು ಉಳಿದಿದೆ ಎಂದು ತೋರಿಸುತ್ತದೆ. ಒಳ ಅಂಚಿನಲ್ಲಿ ಒಂದು ಸಲ, ನಡುವಿನಲ್ಲಿ ಒಂದು ಸಲ, ಹೊರ ಅಂಚಿನಲ್ಲಿ ಒಂದು ಸಲ. ಹೀಗೆ ನಾಲ್ಕು ಟೈರೂ ಮುಗಿಯುವ ಹೊತ್ತಿಗೆ ಮಂಡಿ ಹಿಡಿದುಕೊಂಡಿರುತ್ತದೆ. ಎದುರು ಮನೆಯವರು, ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಹಾಲಿನ ಪಾಕೆಟ್ ಹಿಡಿದು ನಿಂತು ನೋಡುತ್ತಾರೆ.

"ಏನ್ ಮೇಷ್ಟ್ರೇ, ಗಾಡಿಗೆ ಜ್ವರ ಗಿರ ಬಂದೈತಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಈ ವಿಷಯದಲ್ಲಿ ಮಾತ್ರ ಯಾರಿಗೂ ಎದುರು ಮಾತಾಡುವುದಿಲ್ಲ. ನನ್ನ ಹೆಂಡತಿಯಂತೂ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು, "ಮದುವೆಯಾದ ಹೊಸದರಲ್ಲಿ ನನ್ನ ಮುಖವನ್ನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ ಬಿಡ್ರೀ" ಅನ್ನುತ್ತಾಳೆ. ಹೊಸ ಕಾರಿನ ಶೋಕಿ ಇದು, ಆರು ತಿಂಗಳಲ್ಲಿ ಇಳಿಯುತ್ತದೆ ಎಂದು ಅವಳ ಲೆಕ್ಕವಾಗಿತ್ತು.

ಮೊದಲ ಭಾನುವಾರವೇ ನಾನು ದೊಡ್ಡ ರಂಪ ಮಾಡಿದ್ದೆ. ಮೂರು ಟೈರುಗಳಲ್ಲಿ ಏಳು ಮಿಲಿಮೀಟರು ಬಂತು. ಮುಂದಿನ ಎಡಗಡೆಯದರಲ್ಲಿ ಮಾತ್ರ ನಾಲ್ಕು. ತಲೆ ಕೆಟ್ಟುಹೋಯಿತು. ಹಳೇ ಟೈರನ್ನು ತೊಳೆದು ಹಾಕಿಕೊಟ್ಟು ನನ್ನ ಕಣ್ಣಿಗೆ ಮಣ್ಣೆರಚಿದ್ದಾರೆ ಎಂದು ಶೋರೂಮಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಆ ಕಡೆಯ ಹುಡುಗಿ ಪಾಪ, "ಸರ್, ಇನ್ನೊಮ್ಮೆ ಚೆಕ್ ಮಾಡ್ತೀರಾ ಸರ್" ಅಂತಲೇ ಇದ್ದಳು. ನನ್ನ ಕೂಗಾಟ ಕೇಳಿ ಹೆಂಡತಿ ಹೊರಗೆ ಬಂದಳು, ಬಗ್ಗಿ ನೋಡಿದಳು, ಪೊರಕೆಯಿಂದ ಒಂದು ಕಡ್ಡಿ ಕಿತ್ತು ಆ ಸಂದಿಗೆ ಹಾಕಿ ಮೀಟಿದಳು. ಅರಿಶಿನ ಕುಂಕುಮ ಮೆತ್ತಿ ಒಣಗಿದ ನಿಂಬೆಹಣ್ಣಿನ ಸಿಪ್ಪೆ ಕೆಳಗೆ ಬಿತ್ತು. ಕಾರು ತಂದ ದಿನ ದೇವಸ್ಥಾನದ ಮುಂದೆ ಪೂಜೆ ಮಾಡಿಸಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ನಾನೇ ಅದರ ಮೇಲೆ ಹತ್ತಿಸಿದ್ದೆ. ಆ ಹುಡುಗಿಗೆ ಮತ್ತೆ ಫೋನು ಮಾಡಿ ತಪ್ಪಾಯಿತಮ್ಮ ಅಂದೆ. ಅಷ್ಟು ಸುಲಭವಾಗಿ ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯವಾಯಿತು. ಮೂರು ವರ್ಷದಿಂದ ಇನ್ನೊಂದು ಕಡೆ ಹೇಳಬೇಕಾಗಿದ್ದ ಮಾತು ಅದು.

ಮೂರು ವರ್ಷದ ಹಿಂದೆ ನಮ್ಮ ಬಳಿ ಪೆಟ್ರೋಲಿನ ಹಳೇ ಕಾರಿತ್ತು. ಅದನ್ನು ಮಾರಿ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬೇಕೆಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ. ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇತ್ತು. ಗುಂಡ್ಲುಪೇಟೆಯಲ್ಲಿ ಪಂಚರ್ ಹಾಕಿಸಲು ನಿಲ್ಲಿಸಿದಾಗ ಅಂಗಡಿಯವನು ಹಿಂದಿನ ಟೈರಿನ ಮೇಲೆ ಅಂಗೈ ಸವರಿ ತಲೆ ಅಲ್ಲಾಡಿಸಿದ.

"ಬಟನ್ನೇ ಇಲ್ವಲ್ಲ ಸಾ. ಮುಂದ್ಗಡೆದೂ ಅಂಗೇ ಅದೆ. ಇದ್ರಲ್ಲಿ ದೂರ ಓಗ್ಬ್ಯಾಡಿ, ಬದಲಾಯಿಸ್ಬುಡಿ."

ಟೈರಿನ ಮೇಲಿನ ಉಬ್ಬು ಕಟ್ಟುಗಳಿಗೆ ಅವರು ಬಟನ್ ಅನ್ನುತ್ತಾರೆ. ನಮ್ಮ ಟೈರಿನಲ್ಲಿ ಅವು ಸವೆದು, ಸಂದಿನೊಳಗಿನ ಎಚ್ಚರಿಕೆಯ ಗುರುತಿಗೆ ಸಮನಾಗಿದ್ದವು. ಆ ಗುರುತು ಏನೆಂದು ನನಗೆ ಗೊತ್ತಿರಲಿಲ್ಲವೇ? ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ವರ್ಷಾ ವರ್ಷ ಘರ್ಷಣೆಯ ಪಾಠ ಮಾಡುವಾಗ ಬೋರ್ಡಿನ ಮೇಲೆ ಟೈರಿನ ಚಿತ್ರ ಬರೆದು, ಸವೆದರೆ ಏನಾಗುತ್ತದೆ ಎಂದು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಕೇಳುವವನು. ಆದರೆ ಇನ್ನೇನು ಮಾರಿಬಿಡುವ ಗಾಡಿಗೆ ಹೊಸ ಟೈರು ಯಾಕೆ ಅನ್ನಿಸಿತು. ನೋಡೋಣ ಬಿಡಪ್ಪ ಎಂದು ಬಂದುಬಿಟ್ಟೆ. ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಅಲ್ಲೇ ನಿಲ್ಲಿಸಿ ಹಾಕಿಸುತ್ತಿದ್ದಳು.

ಹಬ್ಬದ ಮಾರನೆಯ ದಿನ ಅವಳ ಅಕ್ಕನ ಮನೆಗೆ ಹೊರಟೆವು. ಬೇಗೂರಿನಿಂದ ಒಳಗೆ ತಿರುಗಿ ನಾಲ್ಕೈದು ಮೈಲಿ ಹೋಗಬೇಕು. ಸುಗ್ಗಿಯ ಆ ಕಾಲದಲ್ಲಿ ನಮ್ಮ ಕಡೆ ಒಳರಸ್ತೆಗಳೆಲ್ಲ ಕಣ. ಎತ್ತು ಸಾಕುವವರು ಕಡಿಮೆಯಾದರು, ಸಗಣಿ ಸಾರಿಸಿ ಕಣ ಮಾಡುವವರೂ ಇಲ್ಲ. ಹುರುಳಿ ಗಿಡ ಕಿತ್ತು ಒಣಗಿಸಿ ಟಾರು ರಸ್ತೆಯ ಮೇಲೆ ಹರಡಿದರೆ ಹೋಗುವ ಬರುವ ಬಸ್ಸು, ಲಾರಿ, ಕಾರುಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಬೈದುಕೊಂಡು ಹೋಗುವವರೂ ಇದ್ದಾರೆ. ಅವತ್ತು ಒಂದು ತಿರುವಿನಲ್ಲಿ ಹುರುಳಿ ಹರಡಿತ್ತು. ಮಾಮೂಲಿ ವೇಗದಲ್ಲೇ ಅದರ ಮೇಲೆ ಹೋದೆ, ಎದುರಿಗೆ ಒಂದು ಎಮ್ಮೆ ಬಂತು, ಬ್ರೇಕು ಒತ್ತಿದೆ. ಕಾರು ನಿಲ್ಲಲಿಲ್ಲ. ಗುಂಡು ಗುಂಡು ಕಾಳಿನ ಮೇಲೆ ಅಡ್ಡಡ್ಡ ಜಾರಿ, ಚರಂಡಿಗೆ ಇಳಿದು, ಅವಳು ಕೂತಿದ್ದ ಕಡೆಯೇ ಮೋರಿಯ ಕಟ್ಟೆಗೆ ಬಡಿಯಿತು. ತಡೆದುಕೊಳ್ಳಲೆಂದು ಮುಂದಕ್ಕೆ ಊರಿದ್ದ ಅವಳ ಬಲಗೈ ಭುಜದ ಹತ್ತಿರ ಮುರಿಯಿತು.

ನಿಮಿಷದಲ್ಲಿ ಜನ ಸೇರಿದರು. ಹುರುಳಿ ಹರಡಿದ್ದ ಹೆಂಗಸು ಕೈಯಲ್ಲಿ ಕವೆಗೋಲು ಹಿಡಿದುಕೊಂಡೇ ಓಡಿಬಂದಳು. ನಲವತ್ತೈದು ಐವತ್ತರ ವಯಸ್ಸು, ಬಡಕಲು ಮೈ. "ರಸ್ತೆ ಏನ್ ನಿಮ್ಮಪ್ಪಂದಾ?" ಅಂತ ಯಾರೋ ಅಂದರು. ಇನ್ನೊಬ್ಬರು ಪೊಲೀಸಿಗೆ ಹೇಳುತ್ತೇವೆ ಅಂದರು. ಅವಳ ಗಂಡ ಎಲ್ಲಿಂದಲೋ ಬಂದವನು ಎಲ್ಲರ ಎದುರಿಗೇ ಅವಳ ಮೇಲೆ ಕೈ ಎತ್ತಿದ. ನಾನೂ ಅಂದೆ. "ಜೀವ ಹೋಗಿದ್ದರೆ ನೀನು ತಂದುಕೊಡುತ್ತಿದ್ದೆಯಾ?" ಅಂದೆ. ಹಾಗೆ ಕಿರುಚುವಾಗ ನನ್ನ ಕಣ್ಣು ಚರಂಡಿಯಿಂದ ಮೇಲಕ್ಕೆದ್ದು ನಿಂತಿದ್ದ ಹಿಂದಿನ ಚಕ್ರದ ಮೇಲೇ ಇತ್ತು. ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ.

ಮೂರನೆಯ ದಿನ ಆ ಹೆಂಗಸು ಆಸ್ಪತ್ರೆಗೆ ಬಂದಳು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹತ್ತು ಹನ್ನೆರಡು ನಾಟಿಕೋಳಿ ಮೊಟ್ಟೆಗಳನ್ನು ಮಂಚದ ಪಕ್ಕ ಇಟ್ಟು, "ಮೂಳೆ ಕೂಡ್ಕೊಳ್ಳಕೆ ಒಳ್ಳೇದು ಕಣವ್ವ, ತಿನ್ನಿ" ಅಂದಳು. ನನ್ನ ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮೊಟ್ಟೆ ಮನೆಗೆ ಬಂತು. ಎರಡು ನಾನೂ ತಿಂದೆ.

ಮೂಳೆ ಕೂಡಿತು, ಕೈ ಮಾತ್ರ ಭುಜದಿಂದ ಮೇಲಕ್ಕೆ ಪೂರ್ತಿ ಏಳುವುದಿಲ್ಲ. ಅವಳು ಪ್ರೈಮರಿ ಶಾಲೆಯ ಟೀಚರು. ಈಗ ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಾಳೆ. ಹೆರಳನ್ನು ನಾನೇ ಹಾಕಿಕೊಡುತ್ತೇನೆ, ಸೊಟ್ಟ ಎಂದು ಬೈಸಿಕೊಳ್ಳುತ್ತೇನೆ. ನನ್ನ ಡ್ರೈವಿಂಗಿನ ಬಗ್ಗೆ ಅವಳು ಒಂದು ದಿನವೂ ಚಕಾರ ಎತ್ತಲಿಲ್ಲ. ಅವಳ ಸಿಟ್ಟೆಲ್ಲ ಆ ಹೆಂಗಸಿನ ಮೇಲೆ, ಹುರುಳಿಯ ಮೇಲೆ. ನಮ್ಮ ಮನೆಯಲ್ಲಿ ಹುರುಳಿ ಸಾರು ನಿಂತುಹೋಯಿತು. ನೆಂಟರ ಮನೆಯಲ್ಲಿ ಬಡಿಸಿದರೂ ಅವಳು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು.

ಒಂದು ಸಲ ಅದೇ ಟೈರಿನ ಅಂಗಡಿಗೆ ಹೋಗಿ, ಸಂಬಂಧವಿಲ್ಲದವನ ಹಾಗೆ ಕೇಳಿದ್ದೆ: ಹೊಸ ಟೈರು ಇದ್ದಿದ್ದರೆ ನಿಲ್ಲುತ್ತಿತ್ತೇ? "ಉಳ್ಳಿಕಾಳ್ ಮೇಲೆ ಒಸ ಟೈರೂ ಜಾರ್ತದೆ ಸಾ, ಅದ್ನ ಯೋಳಕಾಗಲ್ಲ" ಅಂದ. ಆ ಒಂದು ಮಾತನ್ನು ಇಟ್ಟುಕೊಂಡು ನಾನು ಎಷ್ಟೋ ದಿನ ಸಮಾಧಾನವಾಗಿದ್ದೆ. ಜಾರುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನಾದರೂ ಅವತ್ತು ಬಾಯಿಬಿಟ್ಟು ಹೇಳಬಹುದಿತ್ತು.

ಆಸ್ಪತ್ರೆಯ ಖರ್ಚು, ಓಡಾಟದಲ್ಲಿ ಹೊಸ ಕಾರಿನ ಮಾತು ಹಿಂದೆ ಬಿತ್ತು. ನಜ್ಜುಗುಜ್ಜಾಗಿದ್ದ ಹಳೇ ಕಾರನ್ನು ಗುಜರಿಗೆ ಹಾಕಿ, ಹೆಚ್ಚುಕಮ್ಮಿ ಮೂರು ವರ್ಷ ಬಸ್ಸಿನಲ್ಲೇ ಓಡಾಡಿದೆವು. ಕೊನೆಗೆ ಕಾರು ಬಂದಾಗ ನಾನು ಮೊದಲು ಕೊಂಡದ್ದು ಸೀಟಿನ ಕವರನ್ನಲ್ಲ, ಟೈರು ಅಳೆಯುವ ಈ ಸಾಧನವನ್ನು. ಎಲೆಕ್ಟ್ರಿಕ್ ಗಾಡಿ ಬ್ಯಾಟರಿಯಿಂದಾಗಿ ಭಾರ ಹೆಚ್ಚು, ಕಾಲಿಟ್ಟ ತಕ್ಷಣ ಎಳೆಯುತ್ತದೆ, ಅದಕ್ಕೇ ಟೈರು ಬೇಗ ಸವೆಯುತ್ತದೆ ಎಂದು ಕೇಳಿದವರಿಗೆ ವಿವರಿಸುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಗೋಣಿಚೀಲದ ಮೇಲೆ ಮಂಡಿಯೂರಲು ಅದು ಕಾರಣವಾಗಿರಲಿಲ್ಲ.

ಈ ಸಲ ಹಬ್ಬ ಕಳೆದ ಮೇಲೆ ಮತ್ತೆ ಅವಳ ಅಕ್ಕನ ಮನೆಗೆ ಹೊರಟೆವು. ಗುಂಡ್ಲುಪೇಟೆ ದಾಟಿದೆವು, ಬೇಗೂರಿನಲ್ಲಿ ಬಾಳೆಹಣ್ಣು ಕೊಂಡೆವು, ಒಳಗೆ ತಿರುಗಿದೆವು. ಅದೇ ತಿರುವು, ಅದೇ ಹುರುಳಿ. ಆ ಹೆಂಗಸು ನಮಗೆ ಬೆನ್ನು ಮಾಡಿಕೊಂಡು ಗಿಡ ಮಗುಚುತ್ತಿದ್ದಳು. ಕಾರಿಗೆ ಸದ್ದಿಲ್ಲ, ಅವಳಿಗೆ ಕೇಳಿಸಲಿಲ್ಲ. ದೂರದಲ್ಲೇ ನಿಲ್ಲಿಸಿ ಮೆಲ್ಲಗೆ ಹಾರನ್ ಮಾಡಿದೆ. ತಿರುಗಿ ನೋಡಿದವಳು ಬೆಚ್ಚಿಬಿದ್ದು, ಕವೆಗೋಲು ಎಸೆದು, ಎರಡೂ ಕೈಯಲ್ಲಿ ಗಿಡ ಬಾಚಿ ಬಾಚಿ ರಸ್ತೆಯ ಅಂಚಿಗೆ ಹಾಕತೊಡಗಿದಳು.

"ಇರಿ ಸಾ, ಇರಿ, ತಗದ್ಬುಡ್ತೀನಿ! ಕಾರ್ ಬಂದ್ರೆ ತಗದ್ಬುಡ್ತೀನಿ ಸಾ, ಬಸ್ಗೆ ಲಾರಿಗೆ ಮಾತ್ರ ಬುಡದು."

ಹತ್ತಿರ ಬಂದಾಗ ಗುರುತು ಹಿಡಿದಳು. ಕೈ ಹಾಗೇ ನಿಂತಿತು. ಕಿಟಕಿಯ ಕಡೆ ಬಗ್ಗಿ, "ಕೈ ಎಂಗೈತೆ ಟೀಚರಮ್ಮ?" ಅಂತ ಕೇಳಿದಳು.

ನನ್ನ ಹೆಂಡತಿ ಸಾಮಾನ್ಯವಾಗಿ ಯಾರನ್ನೂ ನೋಯಿಸುವವಳಲ್ಲ. "ಹೇಗಿದೆ ಅಂತ ನೋಡಿದ ಮೇಲೂ ರಸ್ತೆಗೇ ಹಾಕಿದ್ದೀಯಲ್ಲ ತಾಯಿ" ಅಂದಳು. ಆ ಹೆಂಗಸು ತಲೆ ತಗ್ಗಿಸಿ ನಿಂತಳು. ಅವಳ ತೋಳಿನ ತುಂಬ ಗಿಡದ ಗೀರುಗಳಿದ್ದವು. ಮೂರು ವರ್ಷದಿಂದ ಒಂದೊಂದು ಕಾರು ಬಂದಾಗಲೂ ಅವಳು ಹೀಗೆ ಬಾಚುತ್ತಿದ್ದಾಳೆ ಎಂದು ಯೋಚಿಸಿದೆ. ಕೂತಿರಲು ಆಗಲಿಲ್ಲ. ಇಳಿದೆ.

"ನಿನ್ನ ತಪ್ಪಲ್ಲ ಕಣವ್ವ ಅದು" ಅಂದೆ. "ಅವತ್ತು ನನ್ನ ಟೈರೇ ಸವೆದುಹೋಗಿತ್ತು. ಅಂಗಡಿಯವನು ಹೇಳಿದ್ದ. ಗೊತ್ತಿದ್ದೂ ಓಡಿಸಿದೆ."

ಅವಳಿಗೆ ನಂಬಿಕೆ ಬರಲಿಲ್ಲ. "ಅಂಗೆಲ್ಲ ಅನ್ಬ್ಯಾಡಿ ಸಾ. ದೊಡ್ಡ ಮನ್ಸು ನಿಮ್ದು, ನಮ್ ತಪ್ಪ ನಿಮ್ ಮ್ಯಾಲೆ ಆಕೊಂತೀರ" ಎಂದು ಕೈ ಮುಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಕೈಮುಗಿದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಮುಂದಿನ ಚಕ್ರದ ಹತ್ತಿರ ಕೂತು, ಅವಳನ್ನೂ ಕರೆದು, "ಇಲ್ಲಿ ಬೆರಳು ಇಡು" ಅಂದೆ. ಅನುಮಾನಿಸುತ್ತಲೇ ಕೂತು, ತೋರುಬೆರಳನ್ನು ಟೈರಿನ ಸಂದಿಗೆ ಇಟ್ಟಳು. ಉಗುರು ಒಳಗೆ ಇಳಿಯಿತು.

"ಇಷ್ಟು ಆಳ ಇರಬೇಕು. ಅವತ್ತು ಇರಲಿಲ್ಲ. ಉಗುರಿಗೂ ಸಿಗದಷ್ಟು ನುಣ್ಣಗಾಗಿತ್ತು."

ಅವಳು ಬೆರಳು ತೆಗೆಯಲಿಲ್ಲ. ಒಂದು ಸಂದಿನಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಸುತ್ತಾ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅಲ್ಲಿಯವರೆಗೂ ನೆಲ ನೋಡಿಯೇ ಮಾತಾಡಿದ್ದವಳು.

"ಮತ್ತೆ ಅವತ್ತೇ ಯಾಕ್ ಸಾ ಯೋಳ್ನಿಲ್ಲ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

"ನಮ್ಮನೆಯೋರು ಸಾಯಗಂಟ ಅದ್ನೇ ಆಡ್ಕೊಂಡ್ರು ಸಾ. ಟೀಚರಮ್ಮನ್ ಕೈ ಮುರ್ದೋಳು ಅಂತ. ಓದ್ ವರ್ಸ ತೀರ್ಕೊಂಡ್ರು. ಸಾಯ ದಿವ್ಸಾನೂ ನನ್ ಕೈಲಿ ನೀರ್ ಇಸ್ಕೊಳ್ನಿಲ್ಲ."

ಬಾಗಿಲು ತೆಗೆದ ಸದ್ದಾಯಿತು. ನನ್ನ ಹೆಂಡತಿ ಇಳಿದು ಬಂದಳು. ಕಿಟಕಿ ತೆರೆದಿತ್ತು, ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಕಡೆ ನೋಡದೆ ಆ ಹೆಂಗಸಿನ ಪಕ್ಕ ನೆಲಕ್ಕೆ ಕೂತು, ಎಡಗೈಯಲ್ಲಿ ಅವಳ ಭುಜ ಹಿಡಿದುಕೊಂಡಳು. ಇಬ್ಬರೂ ಅತ್ತರೋ ಇಲ್ಲವೋ ನಾನು ನೋಡಲಿಲ್ಲ. ರಸ್ತೆಯ ಅಂಚಿನ ಗಿಡವನ್ನು ಬಾಚಿ ಮತ್ತೆ ನಡುವಿಗೆ ತಂದು ಹರಡುತ್ತಿದ್ದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ನಡುವೆ ಒಂದು ಬಸ್ಸು ಬಂತು, ಹುರುಳಿ ತುಳಿದುಕೊಂಡು ಹೋಯಿತು.

ಹೊರಡುವಾಗ ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಳು. ಅಕ್ಕನ ಮನೆಯಲ್ಲಿ ಉಂಡೆವು, ನಗಾಡಿದೆವು, ವಾಪಸು ಬರುವಾಗಲೂ ಹಿಂದೆಯೇ ಕೂತಳು. ತಿಂಗಳ ಮೇಲೆ ಒಂದು ದಿನ ಏನೂ ಹೇಳದೆ ಮುಂದೆ ಬಂದು ಕೂತಳು. ಅವಳಿಗೆ ಹೇಳಿದ್ದಾಯಿತು, ಆ ಹೆಂಗಸಿಗೆ ಹೇಳಿದ್ದಾಯಿತು. ಅವಳ ಊರಿಗೆ ಹೋಗಿ ಅವಳ ಮೈದುನಂದಿರಿಗೂ, ಅವತ್ತು ಬೈದಿದ್ದ ನಾಲ್ಕು ಜನರಿಗೂ, ಅರಳಿಕಟ್ಟೆಯ ಮುಂದೆ ನಿಂತು ಹೇಳಿ ಬಂದೆ. ಕೇಳಿದರು, ಆಗಿದ್ದು ಆಯ್ತು ಬುಡಿ ಸಾ ಅಂದರು. ಅವಳ ಕೈಯಿಂದ ನೀರು ತೆಗೆದುಕೊಳ್ಳದೆ ಸತ್ತವನಿಗೆ ಮಾತ್ರ ಹೇಳಲು ಸಾಧ್ಯವಿಲ್ಲ.