ಅತ್ತೆ ಕಲಿತ ಕೊರಿಯಾದ ಊಟ

ಪುಣೆಯಲ್ಲಿ ನರ್ಸಿಂಗ್ ಓದುವಾಗ ನನಗೊಬ್ಬ ಕೊರಿಯಾದ ಗೆಳತಿ ಸಿಕ್ಕಿದ್ದಳು. ಗೆಳತಿ ಎಂದರೂ ವಯಸ್ಸಿನಲ್ಲಿ ನನ್ನ ಅವ್ವನ ಓರಗೆಯವಳು. ಅವಳ ಗಂಡ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ರವಿವಾರ ನಾನು ಹೋಗುತ್ತಿದ್ದ ಬುದ್ಧ ವಿಹಾರಕ್ಕೆ ಅವಳೂ ಬರುತ್ತಿದ್ದಳು. ಹಿಂದಿ, ಮರಾಠಿ ಎರಡನ್ನೂ ಕಲೆಸಿ ಅವಳು ಆಡುತ್ತಿದ್ದ ಮಾತು ಮೊದಮೊದಲು ನಗು ತರಿಸುತ್ತಿತ್ತು, ಆಮೇಲೆ ನಾನೂ ಹಾಗೆಯೇ ಮಾತಾಡತೊಡಗಿದೆ. ಓದು ಮುಗಿಸಿ ಗೋಕಾಕದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೂ ನಮ್ಮ ಫೋನು ನಿಲ್ಲಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಅವಳ ಕರೆ ಬಂತು. ಅವರ ದೇಶದಿಂದ ಒಬ್ಬ ಭಿಕ್ಷುಣಿ ಬಂದಿದ್ದಾರೆ, ದೊಡ್ಡ ದೊಡ್ಡ ಕ್ಷೇತ್ರಗಳನ್ನೆಲ್ಲ ನೋಡಿ ಮುಗಿಸಿದ್ದಾರೆ, ಈಗ ಯಾವುದಾದರೂ ಹಳ್ಳಿಯ ವಿಹಾರ ನೋಡಬೇಕಂತೆ. ನಿಮ್ಮೂರಿಗೆ ಬರಬಹುದೇ, ಬಂದರೆ ನಿಮ್ಮ ಜನಕ್ಕೆಲ್ಲ ಒಂದು ಹೊತ್ತು ನಮ್ಮ ಊಟ ಬಡಿಸಬಹುದೇ ಎಂದು ಕೇಳಿದಳು. ನಾನು ಹಿಂದೆಮುಂದೆ ನೋಡದೆ ಹೂಂ ಎಂದೆ.

ನಮ್ಮೂರು ಹುಕ್ಕೇರಿ ತಾಲೂಕಿನಲ್ಲಿ, ದಡ್ಡಿಯ ಕಡೆ. ವಿಹಾರವೆಂದರೆ ಓಣಿಯ ತುದಿಯ ಒಂದು ಕೋಣೆ, ಅದರ ಮುಂದೊಂದು ತಗಡಿನ ಚಪ್ಪರ. ಅಲ್ಲಿ ಮದುವೆಯಾಗಲಿ, ಜಯಂತಿಯಾಗಲಿ, ದೊಡ್ಡ ಅಡುಗೆಯ ಜವಾಬ್ದಾರಿ ನನ್ನ ಸೋದರತ್ತೆಯದು. ಅಪ್ಪನ ಅಕ್ಕ ಅವಳು, ಮೊದಲಿನಿಂದಲೂ ನಮ್ಮ ಜೊತೆಯಲ್ಲೇ ಇರುವವಳು. ಹೊಲದ ಕೆಲಸದಲ್ಲಿ ಕೈ ಎಷ್ಟು ಗಟ್ಟಿಯೋ ಮಾತೂ ಅಷ್ಟೇ ಗಟ್ಟಿ. ಅವಳಿಗೆ ಸುದ್ದಿ ಹೇಳಿದೆ.

"ನಮ್ಮ ಮನಿಗೆ ಬಂದವ್ರು ನಮಗ ಉಣಸೂದು ಅಂದ್ರ ಹೆಂಗವಾ ಅದು?" ಎಂದಳು.

"ಅವ್ರಿಗೆ ಅದು ಖುಷಿ ಅಂತ ಅತ್ತಿ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮಾಡ್ಲಿ. ಆದ್ರ ಒಲಿ ಮುಂದ ನಾನೂ ಇರತೇನಿ," ಎಂದಳು.

ಅವರು ಬಂದ ದಿನವೇ ಗೋಕಾಕ ಪೇಟೆಗೆ ಹೋದೆವು. ಭಿಕ್ಷುಣಿ ಬೂದು ಬಣ್ಣದ ಬಟ್ಟೆಯಲ್ಲಿ, ಬೋಳು ತಲೆಗೆ ಉಲನ್ ಟೊಪ್ಪಿಗೆ ಹಾಕಿಕೊಂಡು ಕಾಯಿಪಲ್ಲೆಯ ಸಾಲಿನಲ್ಲಿ ನಡೆಯುತ್ತಿದ್ದರೆ ವ್ಯಾಪಾರ ನಿಂತೇ ಹೋಯಿತು. ಅವರಿಗೆ ಅದರ ಪರಿವೆ ಇರಲಿಲ್ಲ. ಮೂಲಂಗಿಯನ್ನು ಎತ್ತಿ ಉಗುರಿನಿಂದ ಚುಚ್ಚಿ ನೋಡಿದರು. ನಮ್ಮ ಕೋಬೀಜು, ಅಂದರೆ ಎಲೆಕೋಸು, ದುಂಡಗೆ, ಅವರದು ಉದ್ದವಂತೆ. ಇದೂ ನಡೆಯುತ್ತದೆ ಎಂದು ತಲೆಯಾಡಿಸಿದರು. ಒಣ ಮೆಣಸಿನಕಾಯಿಯ ಅಂಗಡಿಯಲ್ಲಿ ಬ್ಯಾಡಗಿ ಕಾಯೊಂದನ್ನು ಮುರಿದು ನಾಲಿಗೆಗೆ ಹಚ್ಚಿಕೊಂಡು, ಕಣ್ಣರಳಿಸಿ ಗೆಳತಿಗೆ ಏನೋ ಹೇಳಿದರು.

"ನಮ್ಮ ಮೆಣಸಿನಕಾಯಿಯ ತಂಗಿ ಇದು ಅನ್ನುತ್ತಿದ್ದಾರೆ. ಬಣ್ಣ ಹೆಚ್ಚು, ಉರಿ ಕಡಿಮೆ," ಎಂದು ಗೆಳತಿ ತನ್ನ ಕಲಬೆರಕೆ ಭಾಷೆಯಲ್ಲಿ ತಿಳಿಸಿದಳು.

ನಾನು ರೂಢಿಯಂತೆ ಬೆಳ್ಳುಳ್ಳಿಯನ್ನೂ ಚೀಲಕ್ಕೆ ಹಾಕಿದೆ. ಭಿಕ್ಷುಣಿ ಅದನ್ನು ಮೆಲ್ಲಗೆ ತೆಗೆದು ಅಂಗಡಿಯವಳ ತಟ್ಟೆಗೆ ಮರಳಿಸಿದರು. ಮಠದ ಅಡುಗೆಯಲ್ಲಿ ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ಇಲ್ಲ ಎಂದು ಆಗ ತಿಳಿಯಿತು. ಇದನ್ನು ಅತ್ತೆಗೆ ಹೇಗೆ ಹೇಳುವುದು ಎಂದು ನನಗೆ ದಾರಿಯುದ್ದಕ್ಕೂ ಅದೇ ಚಿಂತೆ.

ಮರುದಿನ ಬೆಳಗ್ಗೆ ಚಪ್ಪರದ ಕೆಳಗೆ ಒಲೆ ಹೊತ್ತಿತು. ಓಣಿಯ ಹೆಂಗಸರೆಲ್ಲ ಈಳಿಗೆಮಣೆ ಹಿಡಿದು ಬಂದರು. ಗಜ್ಜರಿ, ಮೂಲಂಗಿ, ಸವತೆಕಾಯಿ ಕಡ್ಡಿಕಡ್ಡಿಯಾಗಿ ಹೆಚ್ಚಬೇಕಿತ್ತು. ಭಿಕ್ಷುಣಿ ಒಮ್ಮೆ ಹೆಚ್ಚಿ ತೋರಿಸಿದರು, ಆಮೇಲೆ ಯಾರಿಗೂ ಹೇಳುವ ಪ್ರಸಂಗ ಬರಲಿಲ್ಲ. ಮೊಳಕೆ ಬಂದ ಹೆಸರು ಒಂದು ಬುಟ್ಟಿ, ಹುರಿದ ಎಳ್ಳು ಒಂದು ಬುಟ್ಟಿ. ಹೆಚ್ಚಿದ ಕೋಬೀಜಿಗೆ ಉಪ್ಪು ಹಚ್ಚಿ ಇಟ್ಟಿದ್ದರು. ಭಿಕ್ಷುಣಿ ಅದನ್ನು ಹಿಂಡಿ ಖಾರದ ಪುಡಿ ಹಾಕಿ ಕಲೆಸತೊಡಗಿದಾಗ ಅತ್ತೆ ಸುತ್ತ ನೋಡಿದಳು.

"ಬಳ್ಳೊಳ್ಳಿ ಎಲ್ಲೈತಿ?"

"ಅವ್ರು ಹಾಕೂದಿಲ್ಲತ್ತಿ. ವ್ರತ ಐತಿ ಅವ್ರಿಗೆ."

"ಬಳ್ಳೊಳ್ಳಿ ಇಲ್ದ ಖಾರ ಹೆಂಗ ಹತ್ತತೈತಿ ಬಾಯಿಗೆ?" ಎಂದು ಅತ್ತೆ ಮುಖ ಸಣ್ಣದು ಮಾಡಿಕೊಂಡಳು.

ಗೆಳತಿಗೆ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ನನ್ನ ಕಿವಿಯ ಹತ್ತಿರ ಬಗ್ಗಿ, "ಅತ್ತೆಗೆ ಹೇಳು, ನಮ್ಮ ಮನೆಗಳಲ್ಲಿ ಈ ಕಿಮ್ಚಿಗೆ ಬೊಗಸೆಗಟ್ಟಲೆ ಬೆಳ್ಳುಳ್ಳಿ ಹಾಕುತ್ತೇವೆ. ಬೇಡ ಅನ್ನುವವರು ಮಠದವರು ಮಾತ್ರ," ಎಂದಳು.

ಇದನ್ನು ಹೇಳಿದ್ದೇ ತಡ, ಅತ್ತೆ ಅವಳ ಕೈ ಹಿಡಿದು ನಮ್ಮ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದಳು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಆದರೂ ನಾನು ಹೋಗಿ ನೋಡುವಷ್ಟರಲ್ಲಿ ಒರಳಿನಲ್ಲಿ ಬೆಳ್ಳುಳ್ಳಿ ಶುಂಠಿ ಜಜ್ಜಿ ಆಗಿತ್ತು, ಇನ್ನೊಂದು ಪಾತ್ರೆಯ ಕೋಬೀಜು ಕೆಂಪಾಗಿತ್ತು, ಮೊಣಕೈವರೆಗೆ ಖಾರ ಮೆತ್ತಿಕೊಂಡು ಇಬ್ಬರೂ ಒಬ್ಬರ ಬಾಯಿಗೊಬ್ಬರು ಇಟ್ಟು ರುಚಿ ನೋಡುತ್ತಿದ್ದರು. ಅಷ್ಟರಲ್ಲಿ ಭಿಕ್ಷುಣಿಯೂ ಬಂದು ಹಿತ್ತಲ ಬಾಗಿಲಲ್ಲಿ ನಿಂತರು. ಗೆಳತಿ ತಲೆ ತಗ್ಗಿಸಿದಳು. ಭಿಕ್ಷುಣಿ ನಕ್ಕು ಏನೋ ಅಂದರು.

"ಏನಂತಾರ?" ಅತ್ತೆ ಕೇಳಿದಳು.

ಗೆಳತಿಯಿಂದ ಕೇಳಿ ನಾನು ಹೇಳಿದೆ. "ವ್ರತ ನಂದು, ನಿಮ್ಮದಲ್ಲ. ಅದನ್ನೂ ಪಂಕ್ತಿಗೆ ತರ್ರಿ ಅಂದ್ರು."

ಆಮೇಲೆ ಸಾರಿನ ಸರದಿ. ಭಿಕ್ಷುಣಿ ತಮ್ಮ ಚೀಲದಿಂದ ಒಂದು ಭರಣಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಕಂದು ಬಣ್ಣದ ಹಿಟ್ಟಿನಂಥದು. ಸುತ್ತಲಿನವರೆಲ್ಲ ಸೆರಗು ಮೂಗಿಗೆ ಹಿಡಿದರು. ಅತ್ತೆ ಬಗ್ಗಿ ಮೂಸಿ, "ಕೆಟ್ಟೈತಿ ಇದು. ಪಾಪ, ದಾರ್‍ಯಾಗ ಕೆಟ್ಟಿರಬೇಕು," ಎಂದಳು.

ಇದು ಕೆಟ್ಟದ್ದಲ್ಲ, ಹುಳಿಸಿದ್ದು, ದ್ವೆಂಜಾಂಗ್ ಎನ್ನುತ್ತಾರೆ ಎಂದು ಗೆಳತಿ ಹೇಳಿದಳು. ಯಾವುದರಿಂದ ಮಾಡುತ್ತೀರಿ ಎಂದೆ. ಅವಳಿಗೆ ಆ ಕಾಳಿನ ಹೆಸರು ಹಿಂದಿಯಲ್ಲೂ ಬರಲಿಲ್ಲ, ಮರಾಠಿಯಲ್ಲೂ ಬರಲಿಲ್ಲ. ಆಚೆ ಈಚೆ ಕಣ್ಣಾಡಿಸಿ, ಎದ್ದು ಪಕ್ಕದಲ್ಲೇ ಇದ್ದ ನಮ್ಮ ಮನೆಯ ಪಡಸಾಲೆಗೆ ಹೋದಳು. ಅಲ್ಲಿ ವ್ಯಾಪಾರಿಯ ದಾರಿ ಕಾಯುತ್ತ ಸೋಯಾಬೀನಿನ ಚೀಲಗಳು ಒಟ್ಟಿದ್ದವು. ಒಂದರ ಬಾಯಿಂದ ಹಿಡಿ ಕಾಳು ತಂದು ಅತ್ತೆಯ ಅಂಗೈಗೆ ಸುರಿದಳು.

"ಇದೇ," ಎಂದಳು.

ಅತ್ತೆ ಕಾಳು ನೋಡಿದಳು, ಭರಣಿ ನೋಡಿದಳು. ನಮ್ಮ ಕಡೆ ಮಳೆಗಾಲ ಬಂತೆಂದರೆ ಹೊಲದ ತುಂಬ ಸೋಯಾಬೀನ್. ಬಿತ್ತುವುದು, ಕಳೆ ತೆಗೆಯುವುದು, ಕೀಳುವುದು ಎಲ್ಲವೂ ಅತ್ತೆಯ ಕೈಮೇಲೆ ಆಗಿದೆ. ಒಣಗಿದ ಕಾಯಿ ಚುಚ್ಚಿ ಅವಳ ಬೆರಳುಗಳಿಗೆ ಪ್ರತಿ ಸುಗ್ಗಿಯಲ್ಲಿ ಗಾಯವಾಗುತ್ತದೆ. ಆದರೆ ನಮ್ಮ ಒಲೆಯ ಮೇಲೆ ಆ ಕಾಳು ಒಂದು ದಿನವೂ ಬೆಂದಿರಲಿಲ್ಲ. ಅದು ಎಣ್ಣೆಯ ಮಿಲ್ಲಿಗೆ ಹೋಗುವ ಮಾಲು, ಅಷ್ಟೇ.

"ಇದನ್ನ ಉಣ್ತಾರ?" ಎಂದು ಅತ್ತೆ ನನ್ನನ್ನು ಕೇಳಿದಳು. ಗೆಳತಿ ಬೆರಳು ಮಡಚುತ್ತ ಹೇಳುತ್ತಾ ಹೋದಳು: ಸಾರಿಗೆ ಇದು, ಪಲ್ಲೆಗೆ ಇದು, ಇದರ ರಸವೇ ಉಪ್ಪಿನ ಬದಲು, ಇದರ ಹಾಲಿನಿಂದ ಗಿಣ್ಣದಂಥ ಗಡ್ಡೆ. ಅತ್ತೆ ಬೇರೆ ಕೆಲಸವನ್ನೆಲ್ಲ ಬಿಟ್ಟು ಭಿಕ್ಷುಣಿಯ ಬಾಜೂ ಬಂದು ಕುಳಿತಳು. ಕುದಿಯುವ ನೀರಿಗೆ ಆ ಹಿಟ್ಟನ್ನು ಕದಡಿ, ಮೂಲಂಗಿ, ಬಟಾಟಿ ಹಾಕಿದಾಗ ವಾಸನೆಯೇ ಬದಲಾಯಿತು. ಹುರಿದ ಕಾಳಿನ, ಹಸಿ ಮಣ್ಣಿನ ಘಮ ಎದ್ದಿತು. ಅತ್ತೆ ಸೌಟಿನಿಂದ ಒಂದು ಗುಟುಕು ಕುಡಿದಳು. ಮತ್ತೊಂದು ಗುಟುಕು ಕುಡಿದಳು. ಮೂರನೆಯದಕ್ಕೆ ನಾನೇ ಸೌಟು ಕಸಿದುಕೊಳ್ಳಬೇಕಾಯಿತು.

ಮಧ್ಯಾಹ್ನ ಪಂಕ್ತಿ ಕೂತಿತು. ನಮ್ಮ ಓಣಿಯವರಷ್ಟೇ ಅಲ್ಲದೆ, ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಕುರುಬರ ಕಾಕಾನೂ ಬಂದಿದ್ದ. ಮಟನ್ ಇಲ್ಲ ಎಂದು ಮೊದಲೇ ಹೇಳಿದ್ದೆವು. "ಇರ್ಲಿ ಬಿಡ್ರಿ, ಹೊಸಾದು ಏನ್ ಐತಿ ನೋಡೋಣು," ಎಂದು ಮೊದಲ ಸಾಲಿನಲ್ಲೇ ಕುಳಿತಿದ್ದ.

ಎಲ್ಲರ ಬಟ್ಟಲಿಗೂ ಬಿಸಿ ಅನ್ನ, ಅದರ ಮೇಲೆ ಸುತ್ತಲೂ ಬಣ್ಣಬಣ್ಣದ ತರಕಾರಿ, ನಡುವೆ ಕೆಂಪು ಖಾರದ ಮುದ್ದೆ, ಮೇಲೆ ಎಳ್ಳೆಣ್ಣೆ. ಬಿಬಿಂಬಾಪ್ ಎಂದು ಹೆಸರು ಹೇಳಿ, ಇದನ್ನು ಚೆನ್ನಾಗಿ ಕಲೆಸಿ ಉಣ್ಣಬೇಕು, ಹೊಸಬರಿಗೆ ಅದು ಗೊತ್ತಾಗದೆ ಒಂದೊಂದನ್ನೇ ಹೆಕ್ಕಿ ತಿನ್ನುತ್ತಾರೆ ಎಂದು ಗೆಳತಿ ವಿವರಿಸತೊಡಗಿದಳು. ನಾನು ಅದನ್ನು ಕನ್ನಡಕ್ಕೆ ತರುವ ಮೊದಲೇ ಇಡೀ ಪಂಕ್ತಿ ಐದೂ ಬೆರಳಿನಿಂದ ಕಲೆಸಿ ತುತ್ತು ಮಾಡಿ ನುಂಗುತ್ತಿತ್ತು. ಗೆಳತಿ ಮಾತು ನಿಲ್ಲಿಸಿ ನಗತೊಡಗಿದಳು.

ಹೆಸರು ಬೇಳೆ ರುಬ್ಬಿ ಹುಯ್ದ ಬಿಂದೆತೊಕ್ ಬಂದಾಗ, "ಇದು ನಮ್ಮ ದ್ವಾಸಿ ಬಿಡ," ಎಂದರು ಪಂಕ್ತಿಯವರು. ಎರಡು ಕಿಮ್ಚಿಗಳಲ್ಲಿ ಅತ್ತೆಯದು ಮೊದಲು ಖಾಲಿಯಾಯಿತು. ಭಿಕ್ಷುಣಿ ತಮ್ಮ ದೇಶದಿಂದ ತಂದಿದ್ದ ಕಡಲ ಪಾಚಿಯ ಕಪ್ಪು ಹಾಳೆಯನ್ನು ಮಾತ್ರ ಬಹಳ ಮಂದಿ ಬೆಳಕಿಗೆ ಹಿಡಿದು ನೋಡಿ, ಪಕ್ಕದವರ ಬಟ್ಟಲಿಗೆ ಜಾರಿಸಿದರು. ಸೋಯಾ ಸಾರನ್ನು ಅತ್ತೆ ತಾನೇ ಬಡಿಸಿದಳು. "ಮೂಗು ಮುಚ್ಚಕೊಂಡು ಕುಡೀರಿ. ನಮ್ಮ ಹೊಲದ ಸೋಯಾಬೀನಿಂದು," ಎಂದು ಸಾಲಿನುದ್ದಕ್ಕೂ ಹೇಳುತ್ತಾ ಹೋದಳು. ಅದು ನಮ್ಮ ಹೊಲದ್ದಲ್ಲ ಎಂದು ನಾನು ತಿದ್ದಲು ಹೋಗಲಿಲ್ಲ.

ಊಟ ಮುಗಿದ ಮೇಲೆ ಭಿಕ್ಷುಣಿ ತಮ್ಮ ಮಠದ ಪದ್ಧತಿ ತೋರಿಸಿದರು. ಬಟ್ಟಲಿಗೆ ಬಿಸಿನೀರು ಹಾಕಿಸಿಕೊಂಡು, ಉಳಿಸಿಟ್ಟ ಒಂದು ಮೂಲಂಗಿ ಹೋಳಿನಿಂದ ಒಳಗೆಲ್ಲ ಒರೆಸಿ, ಹೋಳು ತಿಂದು, ಆ ನೀರನ್ನು ಕುಡಿದುಬಿಟ್ಟರು. ಅನ್ನದ ಒಂದು ಅಗಳೂ ಹೊರಗೆ ಹೋಗಬಾರದಂತೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕುರುಬರ ಕಾಕಾ ಮಾತ್ರ ಬಟ್ಟಲು ಮುಂದೆ ಚಾಚಿದ.

"ಹಾಕ್ರಿ ನೀರು. ಕುರಿ ಹಿಂದ ಅಡ್ಡಾಡುವಾಗ ನಾವು ಮಾಡೂದು ಹಿಂಗ. ನೀರು ಎಲ್ಲಿ ಸಿಗತೈತಿ ಅಲ್ಲಿ?" ಎಂದು ಬೆರಳಿನಿಂದ ಬಟ್ಟಲು ತಿಕ್ಕಿ ಗಟಗಟ ಕುಡಿದ. ನನ್ನಿಂದ ಕೇಳಿ ಗೆಳತಿ ಅದನ್ನು ತಿಳಿಸಿದಾಗ ಭಿಕ್ಷುಣಿ ಎದ್ದು ಬಂದು ಅವನ ಮುಂದೆ ಕೈಮುಗಿದು ತಲೆಬಾಗಿದರು. ಕಾಕಾ ಗಡಬಡಿಸಿ ರುಮಾಲು ಸರಿಮಾಡಿಕೊಂಡು ತಾನೂ ಕೈಮುಗಿದ. ಆಮೇಲೆ ಪಂಕ್ತಿಯಲ್ಲಿ ನೀರು ಬೇಡವೆಂದವರು ಯಾರೂ ಇರಲಿಲ್ಲ.

ಅವರು ಹೋದ ಮೇಲೆ ಅತ್ತೆ ಸುಮ್ಮನಿರಲಿಲ್ಲ. ಗೆಳತಿಯನ್ನು ಫೋನಿನಲ್ಲಿ ಕೇಳಿಕೊಂಡು ಸೋಯಾಬೀನ್ ನೆನೆಹಾಕಿ, ಬೇಯಿಸಿ, ಒರಳಿನಲ್ಲಿ ಕುಟ್ಟಿ ಇಟ್ಟಂಗಿಯಂತೆ ಕಟ್ಟಿದಳು. ಭತ್ತದ ಹುಲ್ಲಿನ ಹಗ್ಗದಲ್ಲಿ ಬಿಗಿದು ಪಡಸಾಲೆಯ ಜಂತಿಗೆ ತೂಗುಹಾಕಿದಳು. ಕೆಲವು ವಾರಗಳಲ್ಲಿ ಅವುಗಳ ಮೇಲೆ ಬೂಜು ಬಂತು. ನರ್ಸಾದ ನಾನು ಕೇಳದೆ ಮುಂದುವರಿಯುವುದು ಬೇಡವೆಂದೆ. ವಿಡಿಯೋ ಕರೆಯಲ್ಲಿ ಒಂದೊಂದನ್ನೂ ಗೆಳತಿಗೆ ತೋರಿಸಿದೆವು. ಬಿಳಿಯದು ಒಳ್ಳೆಯದು, ಕಪ್ಪಗಾದದ್ದನ್ನು ತಿಪ್ಪೆಗೆ ಹಾಕಿ ಎಂದಳು. ಒಂದು ತಿಪ್ಪೆಗೆ ಹೋಯಿತು. ಉಳಿದವು ಮಣ್ಣಿನ ಗಡಿಗೆಯಲ್ಲಿ ಉಪ್ಪುನೀರಿಗೆ ಇಳಿದವು. ಬೇಸಿಗೆಯ ಬಿಸಿಲು ತಿಂದು ಆ ನೀರು ಕಪ್ಪಾಯಿತು, ಕಾಳು ಕಂದಾಯಿತು. ಮೊದಲ ದಿನ ಅತ್ತೆ ಅದನ್ನು ಬದನೆಕಾಯಿ ಪಲ್ಲೆಗೆ ಹಾಕಿದಳು, ಬೆಳ್ಳುಳ್ಳಿಯೂ ಜೊತೆಗೆ. ರೊಟ್ಟಿ ಮುರಿದು ಬಾಯಿಗಿಟ್ಟ ಅಪ್ಪ ಇನ್ನಷ್ಟು ಬಡಿಸೆಂದು ತಾಟು ಮುಂದೆ ಸರಿಸಿದ. ನಾನು ಖುಷಿಯಿಂದ ಅಲ್ಲೇ ಕೂತು ಗೆಳತಿಗೆ ಫೋನು ಹಚ್ಚಿದೆ.

ಮೂಡಲಗಿಯಲ್ಲಿರುವ ನನ್ನ ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. ತಂದು ತೋರಿಸಿ ಎಂದಳು. ಒಂದು ಭರಣಿ ತುಂಬಿಕೊಂಡು ಅತ್ತೆ, ನಾನು ಗೋಕಾಕದಲ್ಲಿ ಬಸ್ಸು ಹತ್ತಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಂಡಕ್ಟರ್ ಮೂಗರಳಿಸುತ್ತ ಬಂದ.

"ಏನ್ ಐತ್ರಿ ಅದರಾಗ, ನಾರಾಕತ್ತೈತಿ?"

"ಊಟ ಐತಿ. ಕೊರಿಯಾದ್ದು," ಎಂದಳು ಅತ್ತೆ, ಬೀಗರ ಊರಿನ ಹೆಸರು ಹೇಳಿದಷ್ಟು ಸಹಜವಾಗಿ.

ಮುಂದಿನ ಸೀಟಿನ ಹೆಂಗಸು ತಿರುಗಿ ಕುಳಿತಳು. ಮೇಳವಂಕಿಯವಳು, ಅವರ ಮನೆಯಲ್ಲೂ ಸೋಯಾಬೀನ್ ಇತ್ತು. ಅತ್ತೆ ನೆನೆಹಾಕುವುದರಿಂದ ಶುರುಮಾಡಿದಳು. ಕುಟ್ಟುವ ಹೊತ್ತಿಗೆ ಹಿಂದಿನ ಸೀಟಿನವರೂ ಎದ್ದು ನಿಂತಿದ್ದರು. ಬೂಜಿನ ವಿಷಯಕ್ಕೆ ಒಬ್ಬಾಕೆ ಛೀ ಎಂದಳು, ಆದರೆ ಎದ್ದು ಹೋಗಲಿಲ್ಲ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ಬಾಗಿಲ ಕಂಬಿಗೆ ಒರಗಿ ಕೇಳುತ್ತಿದ್ದ. ಮೇಳವಂಕಿಯವಳು ತನ್ನೂರು ಬಂದಾಗಲೂ ಏಳಲೊಲ್ಲದೆ, ಡ್ರೈವರ್ ಹಾರ್ನ್ ಹೊಡೆದ ಮೇಲೆ ಇಳಿದಳು. ಇಳಿದವಳು ಕಿಟಕಿಯ ಹತ್ತಿರ ಬಂದು ಕೂಗಿ ಕೇಳಿದಳು.

"ಅಕ್ಕಾರ, ಉಪ್ಪು ಎಷ್ಟು ಅಂದ್ರಿ?"

ಬಸ್ಸು ಹೊರಟಿತ್ತು. ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಎರಡೂ ಕೈಗಳಿಂದ ಬೊಗಸೆ ಮಾಡಿ ತೋರಿಸುತ್ತಿದ್ದಳು. ನಾನು ಒಂದು ಕೈಯಲ್ಲಿ ಭರಣಿ, ಇನ್ನೊಂದು ಕೈಯಲ್ಲಿ ಅವಳ ಸೆರಗು ಹಿಡಿದುಕೊಂಡು ಕುಳಿತಿದ್ದೆ.