ಮಳೆಯ ಮಾತಿಗೆ ಸುಮ್ಮನಾದವರು

ಆ ಬೆಳಿಗ್ಗೆಯೂ ಎಂದಿನಂತೆ ಒಲೆಯ ಬೂದಿ ತೆಗೆದು, ಅಂಗಳ ಸಾರಿಸಿ, ರೊಟ್ಟಿ ಬಡಿಯಲು ಕೂತಿದ್ದೆ. ಪಕ್ಕದ ಮನೆಯ ದೊಡ್ಡವ್ವ ಎಮ್ಮೆ ಹೊಡೆದುಕೊಂಡು ಗಾಯರಾಣಕ್ಕೆ ಹೊರಟವಳು ಕಿಟಕಿಯಲ್ಲಿ ಇಣುಕಿದಳು. ಗಾಯರಾಣವೆಂದರೆ ಊರ ದನಗಳೆಲ್ಲ ಮೇಯುವ ಬಯಲು. ಹೊಲವಿಲ್ಲದ ದೊಡ್ಡವ್ವನಿಗೆ ಅಲ್ಲಿನ ಹುಲ್ಲೇ ಅನ್ನ.

"ಏನ ತಂಗಿ, ಇವತ್ತ ಬಿಳಿ ಮಂದಿ ಬರ್ತಾರಂತ. ಇಂಗ್ಲಿಷ್ ನೆನಸ್ಕೊಂತ ರೊಟ್ಟಿ ಹೊತ್ತಿಸಿಗಿಸೀಯ ಮತ್ತ!"

ತೊಂಬತ್ತರ ದಶಕದ ಮೊದಲ ವರ್ಷಗಳು. ರಾಣೇಬೆನ್ನೂರಿನಿಂದ ದೇವರಗುಡ್ಡದ ಮಗ್ಗುಲಿನ ಆ ಹಳ್ಳಿಗೆ ಬಂದ, ಕಾನ್ವೆಂಟಿನಲ್ಲಿ ಕಲಿತ ಸೊಸೆ ನಾನೊಬ್ಬಳೇ. ಹಾಗಾಗಿ ಸಾಹೇಬರ ಮಾತನ್ನು ಕನ್ನಡಕ್ಕೆ ತರುವ ಕೆಲಸ ನನಗೇ ಬಂತು.

ಹಲವು ದೇಶಗಳು ಕೂಡಿ ಕಟ್ಟಿದ ಸಂಸ್ಥೆಯವರು ಅವರು. ಬೇವಿನ ಕಟ್ಟೆಯ ಮುಂದೆ ನಿಂತು ಹೇಳಿದರು: ಆಕಾಶ ಬಿಸಿಯೇರುತ್ತಿದೆ, ಮಳೆ ದಾರಿ ತಪ್ಪಲಿದೆ, ಗಾಯರಾಣಕ್ಕೆ ಬೇಲಿ ಹಾಕಿ ಗಿಡ ಬೆಳೆಸಬೇಕು, ದೇಶಗಳೆಲ್ಲ ಒಪ್ಪಿವೆ, ಬೇಡವೆನ್ನುವವರು ಇಲ್ಲಿದ್ದರೆ ಹೇಳಿ.

ನಾನು ಅಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಕಟ್ಟೆಯ ಸುತ್ತ ಸದ್ದೇ ಅಡಗಿತು. ಅದುವರೆಗೆ ಗುಸುಗುಸು ಅನ್ನುತ್ತಿದ್ದ ಹೆಂಗಸರ ಬಳೆ ಸಹ ಅಲುಗಲಿಲ್ಲ. ಒಬ್ಬಳ ಬಾಯಲ್ಲಿ ಎಲೆ ಅಡಿಕೆ ಹಾಗೇ ನಿಂತಿತ್ತು. ಈ ಮೌನ ನನಗೆ ಗೊತ್ತಿತ್ತು. ಗುಡ್ಡದ ಜಾತ್ರೆಯಲ್ಲಿ ದೇವರ ಗೊರವಪ್ಪ ಎತ್ತರದ ಬಿಲ್ಲೇರಿ ಮಳೆ ಬೆಳೆಯ ಭವಿಷ್ಯದ ಕಾರಣಿಕ ನುಡಿಯುವಾಗ ಜನ ಹೀಗೇ ಉಸಿರು ಹಿಡಿಯುತ್ತಾರೆ. ಅದು ಒಪ್ಪಿಗೆಯಲ್ಲ. ಕೇಳಿಸಿಕೊಂಡು ಮನೆಗೆ ಹೋಗಿ, ಅದರ ಅರ್ಥಕ್ಕಾಗಿ ವರ್ಷವಿಡೀ ಜಗಳಾಡುತ್ತಾರೆ.

"ಇವರಿನ್ನೂ ಏನೂ ಹೇಳಿಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ" ಎಂದು ಸಾಹೇಬರಿಗೆ ಇಂಗ್ಲಿಷಿನಲ್ಲೇ ಹೇಳಿದೆ. "ಯಾರೂ ಬೇಡವೆನ್ನಲಿಲ್ಲವಲ್ಲ" ಎಂದು ಅವರು ನಕ್ಕು ಎರಡೂ ಕೈ ಜೋಡಿಸಿದರು. ಒಳ್ಳೆಯ ನಗೆ, ಅದರಲ್ಲಿ ಮೋಸವಿರಲಿಲ್ಲ. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಎಲ್ಲರಿಗೂ ಒಮ್ಮೆಲೇ ಬಾಯಿ ಬಂತು.

"ದೇಶ ಒಪ್ಪ್ಯಾವಂದ್ರ ಯಾರು ಒಪ್ಪ್ಯಾರ? ನಮ್ಮೂರಿಂದ ಯಾರ ಹೋಗಿದ್ರು?"

"ನಿಮ್ಮ ಮಾವ ಹೋಗಿದ್ದ, ದೋತರ ಉಟ್ಕೊಂಡು!"

ಸಂಜೆ ದೊಡ್ಡವ್ವನ ಜೊತೆ ಎಮ್ಮೆ ಹುಡುಕುತ್ತ ಗಾಯರಾಣಕ್ಕೆ ಹೋದೆ. ಸಂಸ್ಥೆಯ ಆಳುಗಳು ಬೇಲಿಗೆಂದು ಬಿಳಿ ಬಣ್ಣದ ಗೂಟಗಳನ್ನು ಆಗಲೇ ಸುತ್ತಲೂ ನೆಟ್ಟಿದ್ದರು. ಮಬ್ಬಿನಲ್ಲಿ ಯಾರೋ ಸಾಲಾಗಿ ಕುಕ್ಕರಗಾಲಲ್ಲಿ ಕೂತಂತಿತ್ತು. ತಂತಿ ಇನ್ನೂ ಬಂದಿರಲಿಲ್ಲ. ಎರಡು ಗೂಟಗಳ ನಡುವೆ ಬರೀ ಗಾಳಿ. ಎಮ್ಮೆ ಅದರ ಮುಂದೆ ಕಿವಿ ನಿಮಿರಿಸಿ ನಿಂತಿತ್ತು. ಆಚೆ ಹುಲ್ಲು. ಕೊರಳ ಗಂಟೆ ಅಲ್ಲಾಡುತ್ತಿರಲಿಲ್ಲ. ದೊಡ್ಡವ್ವ ಬೆನ್ನು ತಟ್ಟಿದಳು, ಬೈದಳು, ಕಡೆಗೆ ನೂಕಿದಳು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಂದಳು: "ನಮಗಾದ್ರ ಕೂಡ್ಸಿ ಒಂದ ಮಾತರ ಹೇಳಿದ್ರು. ಈ ಎಮ್ಮೀನ ಯಾರ ಕೇಳ್ಯಾರ? ಆದ್ರೂ ನೋಡ ತಂಗಿ, ದಾಟವಲ್ದು."